ಅಂಗಡಿಯ ಲೆಕ್ಕವೂ ಗುಮಾಸ್ತನ ಮಾನವೂ

ವೈಶಾಖದ ಮೊದಲ ದಿನ, ಎಂದರೆ ಏಪ್ರಿಲ್ 14ರಂದೋ 15ರಂದೋ, ಇನ್ನೂ ಬೆಳಕು ಹರಿಯುವ ಮುನ್ನವೇ ಕೋಲ್ಕತ್ತದ ಕಾಳಿಘಾಟಿನ ಓಣಿಗಳಲ್ಲಿ ವರ್ತಕರ ಸಾಲು ನಿಂತಿರುತ್ತದೆ. ಕೈಯಲ್ಲಿ ಒಂದು ಬುಟ್ಟಿ. ಅದರೊಳಗೆ ಗೇಣುದ್ದದ ಮಣ್ಣಿನ ಗಣೇಶ, ಅವನ ಜೊತೆಗೆ ಲಕ್ಷ್ಮಿ. ಅವರಿಬ್ಬರ ಮಗ್ಗುಲಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ, ಒಂದಕ್ಷರವೂ ಬೀಳದ ಹೊಸ ಖಾತೆಪುಸ್ತಕ. ಅರ್ಚಕನು ಅದರ ಮೊದಲ ಪುಟದ ಮೇಲೆ ಸ್ವಸ್ತಿಕವನ್ನು ಬರೆದು, ಸಿಂದೂರದಲ್ಲಿ ಅದ್ದಿದ ನಾಣ್ಯವನ್ನು ಒತ್ತಿ ಮುದ್ರೆ ಮೂಡಿಸಿಕೊಟ್ಟನೆಂದರೆ ಆ ವರ್ಷದ ವ್ಯಾಪಾರಕ್ಕೆ ನಾಂದಿಯಾದಂತೆ. ನಮ್ಮ ಕಡೆಯಲ್ಲಿ ದೀಪಾವಳಿಯ ಅಂಗಡಿಪೂಜೆಗೆ ಯಾವ ಸ್ಥಾನವುಂಟೋ ಬಂಗಾಳದ ವರ್ತಕಸಮಾಜದಲ್ಲಿ ಈ ‘ಹಾಲ್‌ಖಾತಾ’ಕ್ಕೆ ಅದೇ ಸ್ಥಾನ. ಸಂಜೆಯಾದೊಡನೆ ಅಂಗಡಿಯು ಅತಿಥಿಶಾಲೆಯಾಗುತ್ತದೆ. ವರ್ಷವೆಲ್ಲ ಉದ್ರಿಯಲ್ಲಿ ಸರಕು ಕೊಂಡ ಗಿರಾಕಿಗಳು ಆಮಂತ್ರಿತರಾಗಿ ಬಂದು, ಹಳೆಯ ಬಾಕಿಯನ್ನು ಪೂರ್ಣವಾಗಿಯೋ ಅಂಶತಃವಾಗಿಯೋ ಸಲ್ಲಿಸಿ, ಒಂದು ಪೊಟ್ಟಣ ಸಿಹಿತಿಂಡಿಯನ್ನೂ ಸುರುಳಿ ಸುತ್ತಿದ ಬಂಗಾಳಿ ಕ್ಯಾಲೆಂಡರನ್ನೂ ಹಿಡಿದು ಮನೆಗೆ ಮರಳುತ್ತಾರೆ.

ಈ ಆಚಾರವನ್ನು ಕಂಡವರು ಸಾಮಾನ್ಯವಾಗಿ ಅದರ ಭಕ್ತಿಯನ್ನೂ ಸಿಹಿಯನ್ನೂ ವರ್ಣಿಸುತ್ತಾರೆಯೇ ಹೊರತು ಅದರೊಳಗೆ ಅಡಗಿರುವ ಲೆಕ್ಕಶೋಧನೆಯನ್ನು ಗಮನಿಸುವವರು ವಿರಳ. ವರ್ಷಕ್ಕೊಮ್ಮೆಯಾದರೂ ಯಜಮಾನನು ತನಗೆ ಹಣ ಕೊಡಬೇಕಾದವರ ಮುಖವನ್ನು, ನಡುವೆ ಗುಮಾಸ್ತನಿಲ್ಲದೆ, ತಾನೇ ನೋಡುತ್ತಾನೆ. ‘ದಾದಾ, ನಿಮ್ಮ ಹೆಸರಿನಲ್ಲಿ ಹದಿನೆಂಟು ಸಾವಿರ ನಿಂತಿದೆಯಲ್ಲ’ ಎಂದು ಅವನು ಸಂಕೋಚದಿಂದ ಕೇಳಿದಾಗ, ‘ಅದೇನು ಮಾತು, ಪೂಜೆಗೆ ಮುಂಚೆಯೇ ನಿಮ್ಮ ಮುನೀಮನ ಕೈಗೆ ಎಣಿಸಿಕೊಟ್ಟೆನಲ್ಲ!’ ಎಂಬ ಉತ್ತರ ಬಂತೆಂದರೆ, ಆ ಒಂದು ವಾಕ್ಯವು ಹತ್ತು ಮಂದಿ ಲೆಕ್ಕಪರಿಶೋಧಕರು ಹತ್ತು ದಿನ ಕುಳಿತು ಹುಡುಕಿದರೂ ಸಿಕ್ಕದ ಸಂಗತಿಯನ್ನು ಸಿಹಿಯ ತಟ್ಟೆಯ ಎದುರಿನಲ್ಲಿಯೇ ಹೊರಗೆಡಹುತ್ತದೆ. ಇಂದಿನ ಪರಿಶೋಧಕರು ಬಾಕಿದಾರರಿಗೆ ನೇರವಾಗಿ ಕಾಗದ ಬರೆದು ‘ನಮ್ಮ ಲೆಕ್ಕದಂತೆ ನಿಮ್ಮ ಬಾಕಿ ಇಷ್ಟು, ಇದು ಸರಿಯೇ?’ ಎಂದು ಕೇಳಿ ಉತ್ತರ ಪಡೆಯುವ ಪದ್ಧತಿಯೂ ತತ್ತ್ವದಲ್ಲಿ ಇದೇ.

ಉದ್ರಿ ವ್ಯಾಪಾರದಲ್ಲಿ ನಡೆಯುವ ಕೈಚಳಕಗಳಲ್ಲಿ ಬಹಳ ನಿಧಾನವಾಗಿ ಬಯಲಿಗೆ ಬರುವಂಥದು ಯಾವುದೆಂಬುದನ್ನು ಇಲ್ಲಿಯೇ ಬಿಡಿಸಿ ಹೇಳಬಹುದು. ಹೂಗ್ಲಿ ನದಿಯ ದಡದ ಬಡಾಬಜಾರಿನಲ್ಲಿ ಒಂದು ಬಟ್ಟೆಯ ಗದ್ದಿಯನ್ನು ಊಹಿಸಿಕೊಳ್ಳೋಣ: ಬಿಳಿಯ ಹಾಸುಗೆಯ ಮೇಲೆ ಲೋಡಿಗೆ ಒರಗಿದ ಯಜಮಾನ, ಕಾಲುಮಣೆಯ ಮುಂದೆ ಕುಳಿತ ಮುನೀಮನೆಂಬ ಗುಮಾಸ್ತ, ಜಿಲ್ಲೆಗಳಿಂದ ಬರುವ ಚಿಲ್ಲರೆ ವ್ಯಾಪಾರಿಗಳು. ಸೋಮವಾರ ಬಹರಮಪುರದ ಗಿರಾಕಿಯು 12,000 ರೂಪಾಯಿ ಕೊಟ್ಟುಹೋದ. ಮುನೀಮನು ಅದನ್ನು ಕಿರ್ದಿಗೆ ತಾರದೆ ತನ್ನ ಜೇಬಿಗೆ ಇಳಿಸಿದ. ಗುರುವಾರ ಕೃಷ್ಣನಗರದವನು 15,000 ತಂದನು. ಅದರಲ್ಲಿ 12,000ವನ್ನು ಬಹರಮಪುರದ ಖಾತೆಗೆ ಜಮಾ ಮಾಡಿ, ಮಿಕ್ಕ 3,000ವನ್ನು ಮಾತ್ರ ಕೃಷ್ಣನಗರಕ್ಕೆ ಬರೆದನು. ಶನಿವಾರ ಬರ್ಧಮಾನಿನವನು 20,000 ತರಲು, ಅದರಲ್ಲಿ 12,000 ಕೃಷ್ಣನಗರದ ಗುಂಡಿಯನ್ನು ಮುಚ್ಚಿತು. ಹೀಗೆ ಒಬ್ಬನ ಹಣದಿಂದ ಮತ್ತೊಬ್ಬನ ಖಾತೆಯನ್ನು ತುಂಬುತ್ತ ಹೋದಲ್ಲಿ ಗಲ್ಲಾಪೆಟ್ಟಿಗೆಯ ಶಿಲ್ಕಿಗೂ ಪುಸ್ತಕದ ಶಿಲ್ಕಿಗೂ ಎಂದೆಂದಿಗೂ ತಾಳೆಯಾಗುತ್ತದೆ. ಬಾಕಿದಾರರ ಬಾಕಿ ಮಾತ್ರ ಯಾರ ಹೆಸರಿನಲ್ಲಾದರೂ 12,000ದಷ್ಟು ಹೆಚ್ಚಾಗಿ ನಿಂತಿರುತ್ತದೆ. ಯಜಮಾನನು ಪ್ರತಿರಾತ್ರಿಯೂ ಹಣವನ್ನು ಎಣಿಸಿ, ‘ಲೆಕ್ಕ ಪೈಸೆಗೆ ಸರಿಯಿದೆ’ ಎಂದು ಸಂತುಷ್ಟನಾಗಿ ಮಲಗುತ್ತಾನೆ.

ಈ ಆಟವನ್ನು ಆಡುವವನಿಗೆ ಒಂದು ಶಾಪವುಂಟು: ಅವನು ರಜೆ ತೆಗೆದುಕೊಳ್ಳುವಂತಿಲ್ಲ. ತಾನು ಎದ್ದುಹೋದ ದಿನ ಬೇರೊಬ್ಬನು ಕುಳಿತು ಬಂದ ಹಣವನ್ನು ಬಂದವನ ಹೆಸರಿಗೇ ಬರೆದುಬಿಟ್ಟರೆ ಸರಪಳಿ ಕಡಿದುಹೋಗುತ್ತದೆ. ಆದಕಾರಣ ಜ್ವರ ಬಂದರೂ ಬರುವ, ಮಗಳ ಮದುವೆಯ ಮರುದಿನವೇ ಹಾಜರಾಗುವ, ತನ್ನ ಪುಸ್ತಕವನ್ನು ಮತ್ತೊಬ್ಬರು ಮುಟ್ಟಿದರೆ ಮುನಿಸಿಕೊಳ್ಳುವ ನೌಕರನನ್ನು ಯಜಮಾನನು ‘ಇಂಥ ನಿಷ್ಠಾವಂತನು ಪುಣ್ಯದಿಂದ ದೊರೆತ’ ಎಂದು ಹೊಗಳುವ ಮುನ್ನ ಒಂದು ವಾರದ ರಜೆಯನ್ನು ಬಲವಂತವಾಗಿ ಕೊಟ್ಟು ನೋಡುವುದು ವಿವೇಕ. ಅವನು ನಿಜವಾಗಿಯೂ ನಿಷ್ಠಾವಂತನಾಗಿದ್ದರೆ ಆ ವಾರ ಅವನಿಗೆ ವಿಶ್ರಾಂತಿ ದೊರೆತಂತಾಯಿತು. ಬ್ಯಾಂಕುಗಳು ತಮ್ಮ ನೌಕರರಿಗೆ ಕಡ್ಡಾಯ ರಜೆಯನ್ನೂ ಸ್ಥಾನಪಲ್ಲಟವನ್ನೂ ವಿಧಿಸಿರುವುದು ಕೇವಲ ಅವರ ಆರೋಗ್ಯಕ್ಕಾಗಿ ಎಂದು ಯಾರೂ ತಿಳಿಯಬೇಕಾಗಿಲ್ಲ.

ಸಣ್ಣ ವ್ಯಾಪಾರದ ಮುಖ್ಯವಾದ ದೌರ್ಬಲ್ಯ ಇಲ್ಲಿದೆ. ಹಣವನ್ನು ಮುಟ್ಟುವುದು, ಅದನ್ನು ಪುಸ್ತಕದಲ್ಲಿ ಬರೆಯುವುದು, ಬರೆದುದನ್ನು ಬ್ಯಾಂಕಿನ ಲೆಕ್ಕದೊಡನೆಯೂ ದಾಸ್ತಾನಿನೊಡನೆಯೂ ತಾಳೆ ನೋಡುವುದು ಎಂಬ ಮೂರು ಕೆಲಸಗಳು ದೊಡ್ಡ ಸಂಸ್ಥೆಯಲ್ಲಿ ಮೂವರ ಕೈಯಲ್ಲಿರುತ್ತವೆ. ಇಬ್ಬರೇ ನೌಕರರಿರುವ ಅಂಗಡಿಯಲ್ಲಿ ಅವು ಮೂರೂ ಒಬ್ಬನ ಪಾಲಿಗೆ ಬರುತ್ತವೆ, ಮತ್ತು ಆ ಒಬ್ಬನು ಸಹಜವಾಗಿ ಯಜಮಾನನ ಪರಮವಿಶ್ವಾಸಕ್ಕೆ ಪಾತ್ರನಾದವನೇ ಆಗಿರುತ್ತಾನೆ. ಹೊರಗಿನ ಕಳ್ಳನಿಗಾಗಿ ಕಬ್ಬಿಣದ ಷಟರು, ಬೀಗ, ಕ್ಯಾಮೆರಾಗಳನ್ನು ಕೊಳ್ಳುವ ವರ್ತಕನು ಒಳಗಿನ ಲೆಕ್ಕಕ್ಕೆ ಯಾವ ಬೀಗವನ್ನೂ ಹಾಕದಿರಲು ಕಾರಣ ಕೇಳಿದರೆ, ‘ಅವನನ್ನು ಅನುಮಾನಿಸಿದಂತೆ ಆಗುವುದಿಲ್ಲವೆ?’ ಎನ್ನುತ್ತಾನೆ. ಆಗುವುದಿಲ್ಲ ಎಂದೇ ನನ್ನ ದೃಢವಾದ ಅಭಿಪ್ರಾಯ. ತಾಳೆ ನೋಡುವ ಪದ್ಧತಿಯಿಲ್ಲದ ಅಂಗಡಿಯಲ್ಲಿ ಐದು ಸಾವಿರ ರೂಪಾಯಿ ಕಾಣೆಯಾದ ದಿನ ಅಲ್ಲಿರುವ ಎಲ್ಲರೂ ಕಳ್ಳರೇ. ಯಾರು ನಿರಪರಾಧಿಯೋ ಅವನಿಗೆ ತನ್ನ ನಿರಪರಾಧಿತ್ವವನ್ನು ತೋರಿಸಿಕೊಡುವ ಕಾಗದವೊಂದು ಸಹ ಇರುವುದಿಲ್ಲ. ಪ್ರತಿದಿನ ಇಬ್ಬರ ಸಹಿಯಿಂದ ಮುಗಿಯುವ ಲೆಕ್ಕವು ಯಜಮಾನನ ಹಣವನ್ನು ಎಷ್ಟು ಕಾಪಾಡುತ್ತದೆಯೋ ಗುಮಾಸ್ತನ ಮಾನವನ್ನೂ ಅಷ್ಟೇ ಕಾಪಾಡುತ್ತದೆ.

ಕರ್ನಾಟಕದ ಓದುಗರಿಗೆ ಇದರ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗುವ ಪ್ರಮೇಯವಿಲ್ಲ. ಬೆಂಗಳೂರಿನ ದರ್ಶಿನಿಗಳಲ್ಲಿ ಹಣ ತೆಗೆದುಕೊಳ್ಳುವವನು ದೋಸೆಯನ್ನು ಮುಟ್ಟುವುದಿಲ್ಲ. ದೋಸೆ ಕೊಡುವವನು ಹಣವನ್ನು ಮುಟ್ಟುವುದಿಲ್ಲ. ನಡುವೆ ಓಡಾಡುವುದು ಒಂದು ತುಂಡು ಟೋಕನ್. ಗಿರಾಕಿಯು ಹಸಿವಿನ ಆತುರದಲ್ಲಿ ಅದನ್ನು ಶಿಸ್ತಿನ ಕ್ರಮವೆಂದು ಮಾತ್ರ ಭಾವಿಸುತ್ತಾನೆ. ರಾತ್ರಿ ಕದ ಹಾಕುವ ಹೊತ್ತಿಗೆ ಗಲ್ಲಾದ ಹಣ, ಅಡುಗೆಮನೆಗೆ ಬಂದ ಟೋಕನ್ನುಗಳು, ಖರ್ಚಾದ ಹಿಟ್ಟು ಈ ಮೂರೂ ಒಂದನ್ನೊಂದು ಸಮರ್ಥಿಸಬೇಕು. ಯಾರೂ ಯಾರನ್ನೂ ಸಂಶಯಿಸಿದಂತಾಗಲಿಲ್ಲ, ಯಾರಿಗೂ ದುರಾಸೆಗೆ ಎಡೆಯೂ ದೊರೆಯಲಿಲ್ಲ.

ಸಹಿ ಹಾಕಿದವನೇ ಅದು ತನ್ನದಲ್ಲವೆಂದರೆ ಇಂಥ ಲೆಕ್ಕವೂ ನಿಲ್ಲದು. ಕೊಟ್ಟ ಮಾತನ್ನು ಅಲ್ಲಗಳೆಯುವ ಗುತ್ತಿಗೆದಾರನನ್ನು ಕಟ್ಟಿಹಾಕುವುದು ಹೇಗೆಂಬ ವ್ಯಾಪಾರದ ಚಿಂತೆಯಿಂದಲೇ ಬಂಗಾಳದ ನೆಲದಲ್ಲಿ ಒಂದು ಲೋಕಪ್ರಸಿದ್ಧವಾದ ಶಾಸ್ತ್ರವು ಹುಟ್ಟಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1858ರ ಜುಲೈ ತಿಂಗಳು. ಮುರ್ಷಿದಾಬಾದ್ ಜಿಲ್ಲೆಯ ಜಂಗಿಪುರದಲ್ಲಿ ವಿಲಿಯಂ ಜೇಮ್ಸ್ ಹರ್ಶೆಲ್ ಎಂಬ ತರುಣ ಅಧಿಕಾರಿಯು ರಸ್ತೆಗೆ ಹಾಸುವ ಗರಸನ್ನು ಒದಗಿಸಲು ರಾಜ್ಯಧರ ಕೋನಾಯಿ ಎಂಬ ಸ್ಥಳೀಯ ಗುತ್ತಿಗೆದಾರನೊಡನೆ ಕರಾರು ಮಾಡಿಕೊಂಡನು. ‘ಈ ಸಹಿ ನನ್ನದಲ್ಲ’ ಎಂದು ನ್ಯಾಯಾಲಯದಲ್ಲಿ ಅಲ್ಲಗಳೆಯುವುದು ಆಗ ಸಾಮಾನ್ಯವಾಗಿದ್ದುದರಿಂದ, ಹರ್ಶೆಲನಿಗೆ ಒಂದು ಹುಚ್ಚು ಯೋಚನೆ ಹೊಳೆಯಿತು. ತನ್ನ ಕಚೇರಿಯ ಮೊಹರಿಗೆ ಬಳಸುತ್ತಿದ್ದ ಎಣ್ಣೆಮಸಿಯನ್ನು ಕೋನಾಯಿಯ ಅಂಗೈಗೂ ಬೆರಳುಗಳಿಗೂ ಬಳಿದು, ಇಡೀ ಹಸ್ತವನ್ನು ಕರಾರುಪತ್ರದ ಬೆನ್ನಿಗೆ ಒತ್ತಿಸಿದನು. ಬೆರಳಿನ ಗೆರೆಗಳು ಮನುಷ್ಯ ಮನುಷ್ಯನಿಗೆ ಬೇರೆಯಾಗಿರುತ್ತವೆಂಬ ಶಾಸ್ತ್ರಜ್ಞಾನವು ಆ ಕ್ಷಣದಲ್ಲಿ ಅವನಿಗೂ ಇರಲಿಲ್ಲ. ಗುತ್ತಿಗೆದಾರನ ಮನಸ್ಸಿನಲ್ಲಿ ಒಂದಿಷ್ಟು ಭಯವನ್ನು ಹುಟ್ಟಿಸುವುದಷ್ಟೇ ಉದ್ದೇಶವಾಗಿತ್ತೆಂದು ಅವನೇ ಮುಂದೆ ಬರೆದುಕೊಂಡನು. ಆ ಕಾಗದವೇ ಅವನಿಗೆ ಆಸಕ್ತಿಯ ಬೀಜವಾಗಿ, ವರ್ಷ ವರ್ಷವೂ ಸ್ನೇಹಿತರ, ನೌಕರರ ಹಸ್ತಮುದ್ರೆಗಳನ್ನು ಸಂಗ್ರಹಿಸಿ ಅವು ಬದಲಾಗುವುದಿಲ್ಲವೆಂಬುದನ್ನು ಕಂಡುಕೊಂಡು, 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ ಪಿಂಚಣಿದಾರರಿಂದಲೂ ಪತ್ರನೋಂದಣಿ ಕಚೇರಿಯಲ್ಲಿಯೂ ಬೆರಳಚ್ಚನ್ನು ಪಡೆಯುವ ಕ್ರಮವನ್ನು ಜಾರಿಗೆ ತಂದನು. ಸತ್ತವರ ಹೆಸರಿನಲ್ಲಿ ಬದುಕಿದವರು ಪಿಂಚಣಿ ಪಡೆಯುವುದಕ್ಕೆ ಇದರಿಂದ ತಡೆಯಾಯಿತು.

ಇಪ್ಪತ್ತು ವರ್ಷಗಳ ತರುವಾಯ, 1897ರಲ್ಲಿ, ಜಗತ್ತಿನಲ್ಲಿಯೇ ಮೊದಲನೆಯದೆಂದು ಹೆಸರಾದ ಬೆರಳಚ್ಚು ವಿಭಾಗವು ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗಿನಲ್ಲಿ ಆರಂಭವಾಯಿತು. ಮುದ್ರೆಗಳನ್ನು 1024 ಗೂಡುಗಳಲ್ಲಿ ವಿಂಗಡಿಸಿಡುವ ಆ ಕ್ರಮವನ್ನು ಲೋಕವು ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಹೆಸರಿನಿಂದ ಕರೆಯುತ್ತದೆ. ಅದರ ಹಿಂದಿನ ಗಣಿತದ ಶ್ರಮ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳದು. ಕೀರ್ತಿಯ ಲೆಕ್ಕದಲ್ಲಿಯೂ ಒಬ್ಬರ ಜಮೆಯನ್ನು ಮತ್ತೊಬ್ಬರ ಖಾತೆಗೆ ಬರೆಯುವುದುಂಟು.

ಈ ವೃತ್ತಾಂತಕ್ಕೆ ನಮ್ಮ ಕಾಲದಲ್ಲಿ ಒಂದು ವಿಪರ್ಯಾಸದ ಉತ್ತರಾರ್ಧವು ಸೇರಿಕೊಂಡಿದೆ. 2023ರಲ್ಲಿ ಕೋಲ್ಕತ್ತದ ಪೊಲೀಸರಿಗೆ ಒಂದರ ಹಿಂದೊಂದರಂತೆ ದೂರುಗಳು ಬರತೊಡಗಿದುವು: ಯಾವ ಗುಪ್ತಸಂಖ್ಯೆಯನ್ನೂ ಯಾರಿಗೂ ಹೇಳದಿದ್ದರೂ, ಫೋನಿಗೆ ಯಾವ ಕರೆಯೂ ಬಾರದಿದ್ದರೂ, ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆಯಿಂದ ಬ್ಯಾಂಕಿನ ಖಾತೆಯಲ್ಲಿನ ಹಣ ಕರಗುತ್ತಿತ್ತು. ಹಳ್ಳಿಗಾಡಿನ ಜನರು ಬ್ಯಾಂಕಿನ ಶಾಖೆಗೆ ಹೋಗದೆ, ಹೆಬ್ಬೆರಳನ್ನು ಒತ್ತಿ ಹತ್ತಿರದ ಪ್ರತಿನಿಧಿಯಿಂದ ಹಣ ಪಡೆಯಲೆಂದು ಮಾಡಿದ ಸದುದ್ದೇಶದ ವ್ಯವಸ್ಥೆಯದು. ಆಸ್ತಿಯ ಕ್ರಯಪತ್ರಗಳಲ್ಲಿ ಒತ್ತಿದ್ದ ಹೆಬ್ಬೆಟ್ಟಿನ ಗುರುತುಗಳ ಪ್ರತಿಯನ್ನು ತೆಗೆದು, ಅದರಿಂದ ಕೃತಕವಾದ ಅಚ್ಚನ್ನು ತಯಾರಿಸಿ ಯಂತ್ರಕ್ಕೆ ಒತ್ತುತ್ತಿದ್ದರೆಂದು ತನಿಖೆಯಲ್ಲಿ ಕಂಡುಬಂದಿತು. ವಂಚನೆಯನ್ನು ತಡೆಯಲೆಂದು ಹೂಗ್ಲಿಯ ನೋಂದಣಿ ಕಚೇರಿಯನ್ನು ಹೊಕ್ಕ ಬೆರಳಚ್ಚು ಅದೇ ಬಗೆಯ ಕಚೇರಿಯ ಕಾಗದದಿಂದ ಹೊರಬಿದ್ದು ವಂಚಕನ ಉಪಕರಣವಾಯಿತು. ಒಮ್ಮೆ ಸ್ಥಾಪಿಸಿದ ರಕ್ಷೆಯನ್ನು ಶಾಶ್ವತವೆಂದು ನಂಬಿ ಕುಳಿತವನಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿಲ್ಲ. ಆಧಾರಿನ ಜಾಲತಾಣದಲ್ಲಿಯೋ ಅದರ ಆ್ಯಪಿನಲ್ಲಿಯೋ ಬೆರಳಚ್ಚನ್ನು ‘ಲಾಕ್’ ಮಾಡಿಡುವ ಸೌಲಭ್ಯವುಂಟು. ಅಂಗಡಿಯ ವ್ಯವಹಾರವನ್ನು ಸ್ವಂತ ಹೆಸರಿನ ಖಾತೆಯಲ್ಲಿಯೇ ನಡೆಸುವ ಸಣ್ಣ ವರ್ತಕರು ಅದನ್ನು ಮಾಡದಿರುವುದು ಅವಿವೇಕವೆಂದೇ ಹೇಳಬೇಕು.

ಮನುಷ್ಯನು ಯಜಮಾನನ ಹಣಕ್ಕೆ ಕೈಹಾಕುವುದೇಕೆ? ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಕ್ರೆಸಿಯು ಹಣದುರುಪಯೋಗಕ್ಕಾಗಿ ಸೆರೆಮನೆ ಸೇರಿದವರೊಡನೆ ಮಾತನಾಡಿ 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂರು ಸಂಗತಿಗಳನ್ನು ಗುರುತಿಸಿದನು: ಯಾರಿಗೂ ಹೇಳಿಕೊಳ್ಳಲಾಗದ ಒಂದು ಹಣದ ಸಂಕಟ, ಸಿಕ್ಕಿಬೀಳದೆ ತೆಗೆಯಬಹುದೆಂಬ ಅವಕಾಶ, ಹಾಗೂ ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುವ ಸಮಾಧಾನ. ‘ಮುಂದಿನ ತಿಂಗಳು ಇಟ್ಟುಬಿಡುತ್ತೇನೆ, ಇದು ಸಾಲವಷ್ಟೆ’ ಎಂಬುದೇ ಈ ಮೂರನೆಯದರ ಸಾರ್ವತ್ರಿಕ ರೂಪ. ಬಹುಮಂದಿ ಲೇಖಕರು ಎರಡನೆಯದಾದ ಅವಕಾಶವನ್ನು ಮುಚ್ಚುವುದರ ಮೇಲೆಯೇ ಗಮನವಿಡುತ್ತಾರೆ. ಮೊದಲನೆಯದೂ ಮೂರನೆಯದೂ ಯಜಮಾನನ ನಡತೆಯೊಡನೆ ಸಂಬಂಧಪಟ್ಟಿರುವುದರಿಂದ ಅವನ್ನು ಕುರಿತು ಯಜಮಾನರಿಗೆ ಉಪದೇಶಿಸುವುದು ಪ್ರಿಯವಾಗಲಾರದು. ಹನ್ನೆರಡು ಗಂಟೆ ದುಡಿಸಿಕೊಂಡು ಅರೆಸಂಬಳ ಕೊಡುವ, ಅದನ್ನೂ ತಿಂಗಳ ಹತ್ತರವರೆಗೆ ಎಳೆಯುವ, ನೌಕರನ ತಾಯಿ ಆಸ್ಪತ್ರೆಯಲ್ಲಿದ್ದಾಗ ಮುಂಗಡ ಕೇಳಿದರೆ ಮುಖ ತಿರುಗಿಸುವ ಯಜಮಾನನು ತನ್ನ ಅಂಗಡಿಯಲ್ಲಿ ಆ ಸಮಾಧಾನದ ಮಾತನ್ನು ತಾನೇ ಬರೆದುಕೊಟ್ಟಂತೆ. ಯಜಮಾನನೇ ಬಿಲ್ಲಿಲ್ಲದೆ ಮಾರಿ ತೆರಿಗೆಯನ್ನು ನುಂಗುವುದನ್ನು ದಿನವೂ ಕಾಣುವ ಹುಡುಗನಿಗಂತೂ ಬೇರೆ ಪಾಠಶಾಲೆಯೇ ಬೇಕಾಗಿಲ್ಲ.

ಕೌಟಿಲ್ಯನು ಸರ್ಕಾರದ ಹಣವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸಿದ್ದಾನೆಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ರುಚಿಸುವುದು ಆಷಾಢಮಾಸದ ಲೆಕ್ಕವನ್ನು ಕುರಿತ ಅವನ ವಿಧಿ: ವರ್ಷಾಂತ್ಯದಲ್ಲಿ ಲೆಕ್ಕಿಗರು ಮುದ್ರೆಯೊತ್ತಿದ ಪುಸ್ತಕಗಳೊಡನೆಯೂ ಉಳಿಕೆಯ ಹಣದೊಡನೆಯೂ ಒಂದೆಡೆ ಬಂದು ಸೇರತಕ್ಕದ್ದು, ತಪಾಸಣೆ ಮುಗಿಯುವವರೆಗೆ ಅವರು ಪರಸ್ಪರ ಮಾತನಾಡದಂತೆ ನೋಡಿಕೊಳ್ಳತಕ್ಕದ್ದು. ಕೆಲಸವನ್ನು ಇಬ್ಬರಿಗೆ ಹಂಚಿದರೆ ಸಾಲದು, ಆ ಇಬ್ಬರು ಕೂಡಿಕೊಂಡರೆ ಹಂಚಿದ್ದು ವ್ಯರ್ಥವೆಂಬ ಸೂಕ್ಷ್ಮವನ್ನು ಅವನು ಕಂಡಿದ್ದನು. ಗುಮಾಸ್ತನ ಮೈದುನನನ್ನೇ ಉಗ್ರಾಣಕ್ಕೆ ನೇಮಿಸುವ ನಮ್ಮ ವರ್ತಕರು ಇದನ್ನು ಗಮನಿಸಬಹುದು.

ತಾಳೆ ನೋಡುವುದು ವರ್ಷಕ್ಕೊಮ್ಮೆಯೆ, ತಿಂಗಳಿಗೊಮ್ಮೆಯೆ? ಕೋಲ್ಕತ್ತದ ಮಾರವಾಡಿ ಗದ್ದಿಗಳು ಇದಕ್ಕೆ ಕೊಟ್ಟ ಉತ್ತರ, ದಿನಕ್ಕೊಮ್ಮೆ. ‘ಪಡತಾ’ ಎಂಬ ಅವರ ಕ್ರಮದಲ್ಲಿ ಕಚ್ಚಾಸಾಮಗ್ರಿ, ಕೂಲಿ, ಬಡ್ಡಿ ಮೊದಲಾದುವೆಲ್ಲ ಸೇರಿ ಇಂದು ಒಂದು ಘಟಕಕ್ಕೆ ಬಿದ್ದ ಅಸಲೆಷ್ಟು, ಉಳಿದ ಲಾಭವೆಷ್ಟು ಎಂಬುದನ್ನು ಇಂದೇ ಕಟ್ಟಿ ಯಜಮಾನನ ಮುಂದಿಡಬೇಕು. ರಾಜಸ್ಥಾನದ ಪಿಲಾನಿಯಿಂದ ಬಂದು ಕೋಲ್ಕತ್ತದಲ್ಲಿ ಸೆಣಬಿನ ವ್ಯಾಪಾರ ಮಾಡಿ, 1919ರಲ್ಲಿ ಸ್ವಂತ ಸೆಣಬಿನ ಗಿರಣಿಗೆ ಕೈಹಾಕಿದ ಘನಶ್ಯಾಮದಾಸ ಬಿರ್ಲಾ ಅವರ ಮನೆತನವು ತನ್ನ ದೊಡ್ಡ ದೊಡ್ಡ ಕಾರ್ಖಾನೆಗಳನ್ನೂ ಬಹುಕಾಲ ಈ ದೈನಂದಿನ ಲೆಕ್ಕದಿಂದಲೇ ದೂರದಿಂದ ಆಳಿತು. ನಿನ್ನೆ ಇದ್ದ ಅಸಲು ಇಂದು ಏಕೆ ಏರಿತೆಂದು ಇಂದೇ ಕೇಳುವ ಯಜಮಾನನಿರುವಲ್ಲಿ, ಕದ್ದವನಿಗೆ ಅಡಗಿಸಿಡಲು ಸಿಕ್ಕುವ ಕಾಲ ಒಂದೇ ರಾತ್ರಿ. ಚಿಕ್ಕ ಅಂಗಡಿಗೆ ಪಡತಾದ ಪೂರ್ಣ ಸಂಭ್ರಮ ಬೇಡ. ಇಂದಿನ ಮಾರಾಟ, ಇಂದಿನ ನಗದು, ಇಂದಿನ ಉದ್ರಿ, ಇಂದಿನ ಖರ್ಚು ಎಂಬ ನಾಲ್ಕು ಅಂಕಿಗಳುಳ್ಳ ಚೀಟಿಯೊಂದು ಯಜಮಾನನ ಕೈಗೆ ರಾತ್ರಿ ತಲಪಿದರೆ ಸಾಕು.

ಇದುವರೆಗೆ ಬರುವ ಹಣದ ಮಾತಾಯಿತು. ಹೋಗುವ ಹಣದಲ್ಲಿನ ಮೋಸವು ಇನ್ನೂ ನವುರಾದುದು, ಏಕೆಂದರೆ ಅದಕ್ಕೆ ರಸೀದಿಯಿರುತ್ತದೆ. ಬಾರದ ಸರಕಿಗೆ ಬಿಲ್ಲು, ನೂರು ಚೀಲ ಬಂದಲ್ಲಿ ನೂರಹತ್ತಕ್ಕೆ ಚಲನ್, ಗುಮಾಸ್ತನ ಭಾವಮೈದುನನದೇ ಆದ ‘ಎಂಟರ್‌ಪ್ರೈಸಸ್’. ಕೋಲ್ಕತ್ತದಲ್ಲಿ ಕಾಗದದ ಮೇಲೆ ಮಾತ್ರ ಬದುಕುವ ಕಂಪನಿಗಳಿಗೆ ‘ಜಮಾಖರ್ಚಿ ಕಂಪನಿ’ ಎಂದೇ ಪೇಟೆಯ ಹೆಸರು. ಒಂದೇ ಕೋಣೆಯ ವಿಳಾಸದಲ್ಲಿ ಹಲವು ಕಂಪನಿಗಳು ನೋಂದಣಿಯಾಗಿರುವ ಹಳೆಯ ಕಟ್ಟಡಗಳು ಅಲ್ಲಿ ಅಪರೂಪವಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಇಂಥ ಕಂಪನಿಯ ಬಿಲ್ಲನ್ನು ಅರಿಯದೆ ತೆಗೆದುಕೊಂಡ ಸಾಮಾನ್ಯ ವರ್ತಕನೂ ತೊಂದರೆಗೆ ಸಿಕ್ಕಿಕೊಳ್ಳುವಂತಾಗಿದೆ. ಮಾರಿದವನು ಸರ್ಕಾರಕ್ಕೆ ತೆರಿಗೆಯನ್ನು ಕಟ್ಟದಿದ್ದರೆ, ಕೊಂಡವನು ತಾನು ಆಗಲೇ ಬೆಲೆಯೊಡನೆ ಕೊಟ್ಟಿರುವ ತೆರಿಗೆಯ ಜಮೆಯನ್ನು ಕಳೆದುಕೊಳ್ಳುತ್ತಾನೆ. 2022ರ ಜನವರಿಯಿಂದಂತೂ ಜಿಎಸ್‌ಟಿ ಪೋರ್ಟಲಿನ ‘2ಬಿ’ ಪಟ್ಟಿಯಲ್ಲಿ, ಎಂದರೆ ಮಾರಿದವರು ಸಲ್ಲಿಸಿದ ಬಿಲ್ಲುಗಳ ಪಟ್ಟಿಯಲ್ಲಿ, ಕಾಣದ ಬಿಲ್ಲಿಗೆ ಜಮೆಯೇ ಇಲ್ಲ. ಹೊಸ ಸರಬರಾಜುದಾರನ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲಿನಲ್ಲಿ ಹಾಕಿ, ಅದು ಜೀವಂತವಾಗಿದೆಯೇ, ರಿಟರ್ನುಗಳನ್ನು ಸಲ್ಲಿಸುತ್ತಿದ್ದಾನೆಯೇ ಎಂದು ನೋಡಲು ಎರಡು ನಿಮಿಷವೂ ಬೇಡ. ಮೊದಲ ದೊಡ್ಡ ಪಾವತಿಗೆ ಮುನ್ನ ಅವನ ಉಗ್ರಾಣಕ್ಕೆ ಒಮ್ಮೆ ಯಜಮಾನನೇ ಹೋಗಿಬಂದರೆ ಇನ್ನೂ ಒಳ್ಳೆಯದು.

ಚೆಕ್ಕುಗಳ ವಿಷಯದಲ್ಲಿ ಒಂದೇ ಮಾತು. ಊರಿಗೆ ಹೊರಡುವ ಮುನ್ನ ‘ಬೇಕಾಗಬಹುದು’ ಎಂದು ನಾಲ್ಕು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಟ್ಟು ಹೋಗುವ ಅಭ್ಯಾಸವನ್ನು ಬಿಡಬೇಕು; ಅದೇ ಬಗೆಯದು, ಬ್ಯಾಂಕಿನ ಪಾಸ್‌ವರ್ಡನ್ನು ಗಲ್ಲಾದ ಒಳಮೈಗೆ ಅಂಟಿಸಿಡುವುದು.

ಕೌಂಟರಿನ ಮೇಲಿನ ಕ್ಯುಆರ್ ಫಲಕವು ಬಂದ ಮೇಲೆ ಚಿಲ್ಲರೆಯ ಜಗಳ ತಪ್ಪಿತು, ನಕಲಿ ನೋಟಿನ ಭಯ ಕಡಿಮೆಯಾಯಿತು. ಹೊಸ ಬಗೆಯ ಕಪಟಗಳೂ ಜೊತೆಗೂಡಿ ಬಂದುವು. ಕೋಲ್ಕತ್ತದ ಗಡಿಯಾಹಾಟಿನ ಪಾದಚಾರಿ ಮಾರ್ಗದಲ್ಲಿ ಹಬ್ಬದ ಹಿಂದಿನ ಸಂಜೆ ಹತ್ತು ಮಂದಿ ಒಟ್ಟಿಗೆ ಸೀರೆ ಕೇಳುತ್ತಿರುವಾಗ ಒಬ್ಬನು ಫೋನನ್ನು ಮುಂದೆ ಹಿಡಿದು ‘ಆಯಿತು, ನೋಡಿ’ ಎಂದು ಹಸಿರು ಗುರುತನ್ನು ತೋರಿಸಿ ಹೊರಟುಬಿಟ್ಟರೆ, ಅದು ನಿಜವಾದ ಪಾವತಿಯೋ ಸುಳ್ಳು ಆ್ಯಪಿನ ಚಿತ್ರವೋ ಯಾರಿಗೆ ಗೊತ್ತು? ಗಿರಾಕಿಯ ಪರದೆಯು ಅವನ ಮಾತಿನಷ್ಟೇ ಪ್ರಮಾಣ. ಅಂಗಡಿಯವನ ಫೋನೋ ಧ್ವನಿಪೆಟ್ಟಿಗೆಯೋ ನುಡಿದಾಗಲೇ ಹಣ ಬಂದಂತೆ. ಫಲಕದ ಮೇಲೆ ರಾತ್ರೋರಾತ್ರಿ ಬೇರೊಂದು ಚೀಟಿಯನ್ನು ಅಂಟಿಸಿ ಹೋಗುವವರೂ ಉಂಟು. ಅದರಿಂದ ಬೆಳಿಗ್ಗೆ ಬಾಗಿಲು ತೆರೆದೊಡನೆ ತನ್ನ ಫಲಕಕ್ಕೆ ತಾನೇ ಒಂದು ರೂಪಾಯಿ ಹಾಕಿ ನೋಡುವ ವರ್ತಕನು ಬುದ್ಧಿವಂತ. ಕೆಲಸದ ಹುಡುಗನು ತನ್ನ ಸ್ವಂತ ಕ್ಯುಆರನ್ನು ಗಿರಾಕಿಗೆ ತೋರಿಸುವ ಉಪಾಯವಂತೂ ಹಳೆಯ ಜೇಬಿನ ಹೊಸ ರೂಪವಷ್ಟೆ.

ಅಂಗಡಿಯಲ್ಲಿ ಬಂದುದನ್ನು ಕಾಪಾಡಿಕೊಂಡ ವರ್ತಕನು ಅದನ್ನು ಹೊರಗೆ ಇಟ್ಟು ಕಳೆದುಕೊಳ್ಳುವುದೂ ಉಂಟು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿ ಸಂಗ್ರಹಿಸುವ ಪಿಗ್ಮಿ ಯೋಜನೆಯನ್ನು ಆರಂಭಿಸಿ ಸಣ್ಣ ವ್ಯಾಪಾರಿಗಳಿಗೆ ಉಪಕಾರ ಮಾಡಿತು. ಅದರ ಹಿಂದೆ ಒಂದು ಬ್ಯಾಂಕಿತ್ತು. ಬಂಗಾಳದಲ್ಲಿ ಅಂಥದೇ ನಿತ್ಯಸಂಗ್ರಹದ ವೇಷದಲ್ಲಿ ಬಂದ ಶಾರದಾ ಗುಂಪು 2013ರ ಏಪ್ರಿಲಿನಲ್ಲಿ ಕುಸಿದಾಗ, ಪರಿಚಿತ ಏಜೆಂಟನ ಮುಖ ನೋಡಿ ಹಣ ಕೊಟ್ಟಿದ್ದ ಲಕ್ಷಾಂತರ ಜನರ ಉಳಿತಾಯ ಹೋಯಿತು. 1980ರ ಸುಮಾರಿನಲ್ಲಿ ಸಂಚಯಿತಾ ಎಂಬ ಸಂಸ್ಥೆಯಿಂದ ಕೋಲ್ಕತ್ತ ನಗರವು ಅದೇ ಪಾಠವನ್ನು ಒಮ್ಮೆ ಕಲಿತಿತ್ತು. ಏಜೆಂಟನು ನೆಂಟನೇ ಆಗಿರಲಿ, ಅವನ ಹಿಂದಿರುವ ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ ಎಂಬುದನ್ನು ಮೊದಲು ಕೇಳಬೇಕು.

ಮೋಸಗಳು ಹೆಚ್ಚಾಗಿ ಪತ್ತೆಯಾಗುವುದು ಹೇಗೆ? ವಂಚನಾ ಪರಿಶೋಧಕರ ಅಂತರರಾಷ್ಟ್ರೀಯ ಸಂಘವು ಎರಡು ವರ್ಷಕ್ಕೊಮ್ಮೆ ಪ್ರಕಟಿಸುವ ವರದಿಗಳಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿಯೆಂದರೆ, ಶೇಕಡ 40ಕ್ಕೂ ಮೇಲ್ಪಟ್ಟ ಪ್ರಕರಣಗಳು ಬಯಲಾಗುವುದು ಯಾರೋ ಒಬ್ಬರು ಬಂದು ಸುಳಿವು ಕೊಟ್ಟುದರಿಂದ. ಹೊರಗಿನ ಲೆಕ್ಕಪರಿಶೋಧನೆಯಿಂದ ಬಯಲಾಗುವುವು ಅತ್ಯಲ್ಪ. ಸುಳಿವು ಕೊಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ಸಂಸ್ಥೆಯ ನೌಕರರು. ಮೂಟೆ ಹೊರುವ ಆಳಿಗೆ ಉಗ್ರಾಣದ ಸತ್ಯ ಯಜಮಾನನಿಗಿಂತ ಮೊದಲು ತಿಳಿದಿರುತ್ತದೆ. ಅವನು ನಿರ್ಭಯವಾಗಿ ಬಂದು ಹೇಳಬಲ್ಲನೆ, ಹೇಳಿದರೆ ಅವನ ಹೆಸರು ಗುಮಾಸ್ತನ ಕಿವಿಗೆ ಬೀಳದೆ ಇರುವುದೆ ಎಂಬುದರ ಮೇಲೆ ಎಷ್ಟೋ ಅಂಗಡಿಗಳ ಅದೃಷ್ಟ ನಿಂತಿದೆ.

ಇಷ್ಟೆಲ್ಲ ಎಚ್ಚರವಿದ್ದೂ ಮೋಸ ನಡೆದುಹೋದಲ್ಲಿ, ಮೊದಲ ಕೋಪದಲ್ಲಿ ನೌಕರನನ್ನು ಕೂಡಿಹಾಕಿ ತಪ್ಪೊಪ್ಪಿಗೆ ಬರೆಸಿಕೊಳ್ಳುವುದು ಕೂಡದು. ಅದರಿಂದ ಯಜಮಾನನೇ ಅಪರಾಧಿಯಾಗುತ್ತಾನೆ. ಮಾಡಬೇಕಾದುದು ಪುಸ್ತಕ, ಬಿಲ್ಲು, ಫೋನಿನ ಸಂದೇಶಗಳನ್ನು ಹಾಗೆಯೇ ಭದ್ರಪಡಿಸಿ ಪೊಲೀಸರಿಗೆ ದೂರು ಕೊಡುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಂತೆ ಗುಮಾಸ್ತನೋ ಸೇವಕನೋ ಎಸಗುವ ನಂಬಿಕೆದ್ರೋಹಕ್ಕೂ, 344ನೆಯ 
ಕಲಮಿನಂತೆ ಲೆಕ್ಕಪತ್ರಗಳನ್ನು ತಿದ್ದಿ ಸುಳ್ಳಾಗಿಸುವುದಕ್ಕೂ ಏಳು ವರ್ಷಗಳವರೆಗೆ ಶಿಕ್ಷೆಯುಂಟು. ಸಾಮಾನ್ಯ ವಂಚನೆಯ ಕಲಮು ಈಗ 318; ‘ಫೋರ್ ಟ್ವೆಂಟಿ’ ಎಂದು ಬೈದು ಅಭ್ಯಾಸವಾದ ನಮ್ಮ ನಾಲಿಗೆಗಳು ಇದಕ್ಕೆ ಹೊಂದಿಕೊಳ್ಳಲು ಇನ್ನೂ ಕೆಲವು ಕಾಲ ಬೇಕು.

ಬ್ಯಾಂಕಿನ ಖಾತೆಯಿಂದಲೇ ಹಣ ಹೋಗಿದ್ದರೆ 1930 ಎಂಬ ಸಂಖ್ಯೆಗೆ ಕೂಡಲೇ ಕರೆ ಮಾಡಿ, ಬ್ಯಾಂಕಿಗೂ ಬರಹದಲ್ಲಿ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗಿರಾಕಿಯದೂ ಅಲ್ಲದೆ ಮೂರನೆಯವರಿಂದ ಆದ ನಷ್ಟವನ್ನು ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಯ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. ನಾಲ್ಕರಿಂದ ಏಳು ದಿನಗಳಾದರೆ ಸಣ್ಣ ಉದ್ಯಮಗಳ ಚಾಲ್ತಿ ಖಾತೆಗೆ ಹೊಣೆಯ ಮಿತಿ 10,000 ರೂಪಾಯಿ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನಿಯಮದಂತೆ. ಖಾತೆಗೆ ಜೋಡಿಸಿರುವ ಫೋನ್ ಸಂಖ್ಯೆ ಯಾರದು, ಬ್ಯಾಂಕಿನ ಆ ಸಂದೇಶಗಳು ನಿಮ್ಮ ಫೋನಿಗೆ ಬರುತ್ತಿವೆಯೋ ಗುಮಾಸ್ತನ ಫೋನಿಗೋ ಎಂಬುದನ್ನು ಅಂಗಡಿಯಿಟ್ಟಿರುವ ಓದುಗರು ಇಂದೇ ನೋಡಿಕೊಳ್ಳಬೇಕಾಗಿ ವಿನಂತಿ.